ಮನೆಯಂಗಳದ ಲಿಂಡನ್ ಮರ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರೌಢಶಾಲೆಯ ಹುಡುಗನೊಬ್ಬ ಇಂಗ್ಲಿಷ್ ಕವಿ ಕೋಲ್‌ರಿಜ್ಜನ ಕವಿತೆಯೊಂದರ ಹೆಸರನ್ನು ಕಾಗದದ ಚೂರಿನಲ್ಲಿ ಬರೆದುಕೊಂಡು ಬಂದು, “ಸಾರ್, ಇದನ್ನು ಕನ್ನಡದಲ್ಲಿ ಏನೆಂದು ಹೇಳಬೇಕು?” ಎಂದು ಕೇಳಿದ. ‘ಲೈಮ್’ ಮರಗಳ ಮಂಟಪವೇ ತನಗೆ ಸೆರೆಮನೆಯಾಯಿತು ಎಂಬ ಅರ್ಥದ ಹೆಸರು ಅದು. ನಾನು ಹಿಂದುಮುಂದು ನೋಡದೆ ‘ನಿಂಬೆಯ ಮಂಟಪ’ ಎಂದುಬಿಟ್ಟೆ. ಹುಡುಗ ತೃಪ್ತನಾಗಿ ಹೋದ. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಇಂಗ್ಲಿಷ್ ಉಪಾಧ್ಯಾಯರು ನಗುತ್ತ ಬಂದು, “ಪಂಡಿತರೆ, ಪಾಪ, ಆ ಕವಿಯನ್ನು ಮುಳ್ಳಿನ ನಿಂಬೆಗಿಡದ ಕೆಳಗೆ ಕೂರಿಸಿಬಿಟ್ಟಿರಲ್ಲ! ಆತ ಕುಳಿತದ್ದು ಲಿಂಡನ್ ಮರದ ಕೆಳಗೆ” ಎಂದರು. ನನಗೆ ನಾಚಿಕೆಯಾಯಿತು. ಮರುದಿನ ಹುಡುಗನನ್ನು ಕರೆದು ತಪ್ಪನ್ನು ತಿದ್ದಿದೆ. ಆದರೆ ಲಿಂಡನ್ ಎಂದರೆ ಯಾವ ಮರ, ಅದನ್ನು ಮನೆಯ ಬಳಿ ಏಕೆ ಬೆಳೆಸುತ್ತಾರೆ ಎಂದು ಅವನು ಮರುಪ್ರಶ್ನೆ ಹಾಕಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ದೊರೆತ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಹಳೆಯ ಇಂಗ್ಲಿಷಿನಲ್ಲಿ ಈ ಮರಕ್ಕೆ ‘ಲಿಂಡ್’ ಎಂದು ಹೆಸರು. ಸ್ವೀಡನ್ನಿನ ಜನ ಇಂದಿಗೂ ಹಾಗೆಯೇ ಕರೆಯುತ್ತಾರೆ. ಜರ್ಮನರು ‘ಲಿಂಡೆ’ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಕೊನೆಯ ಡಕಾರ ಸವೆದು ‘ಲೈನ್’ ಆಯಿತು. ಮುಂದೆ ನಕಾರವು ಮಕಾರವಾಗಿ ‘ಲೈಮ್’ ಆಯಿತು. ಹಣ್ಣಿನ ಹೆಸರಾದ ‘ಲೈಮ್’ ಅರಬ್ಬೀ ಮೂಲದಿಂದ ಫ್ರೆಂಚಿನ ದಾರಿಯಾಗಿ ಬಂದ ಬೇರೊಂದು ಶಬ್ದ. ರೂಪ ಒಂದೇ, ಕುಲ ಬೇರೆ. ನನ್ನಂಥವರು ಜಾರಿ ಬೀಳುವುದು ಇಂಥ ಕಡೆಯಲ್ಲಿಯೇ. ಇನ್ನು ‘ಲಿಂಡನ್’ ಎಂಬುದು ಮೂಲತಃ ನಾಮಪದವಲ್ಲ, ವಿಶೇಷಣ. ‘ಲಿಂಡ್ ಮರದಿಂದಾದ’ ಎಂಬುದು ಅದರ ಅರ್ಥ. ಕಾಲಕ್ರಮದಲ್ಲಿ ವಿಶೇಷಣವೇ ಮರದ ಹೆಸರಾಗಿ ನಿಂತಿತು. ಹಳೆಯ ಇಂಗ್ಲಿಷ್ ಕಾವ್ಯಗಳಲ್ಲಿ ‘ಲಿಂಡ್’ ಎಂದರೆ ಗುರಾಣಿ ಎಂಬ ಅರ್ಥವೂ ಉಂಟು. ಮರ ಹಗುರ, ಸುಲಭವಾಗಿ ಸೀಳುವುದಿಲ್ಲ. ಆದಕಾರಣ ಗುರಾಣಿಗೆ ಒದಗಿತು. ನಮ್ಮ ಆಲಂಕಾರಿಕರು ಲಕ್ಷಣೆ ಎನ್ನುವುದು ಇದನ್ನೇ. ‘ಬೇವುಲ್ಫ್’ ಮಹಾಕಾವ್ಯದ ನಾಯಕನು ಬೆಂಕಿಯುಗುಳುವ ಘಟಸರ್ಪದ ಮೇಲೆ ಹೋಗುವಾಗ, ಲಿಂಡನ್ನಿನ ಗುರಾಣಿ ಉರಿಗೆ ತಡೆಯಲಾರದೆಂದು ಕಬ್ಬಿಣದ ಗುರಾಣಿಯನ್ನೇ ಮಾಡಿಸಿಕೊಳ್ಳುತ್ತಾನೆ.

ಇನ್ನು ಮರದ ವರ್ಣನೆ. ಲಿಂಡನ್ ಯೂರೋಪು, ಏಷ್ಯ, ಉತ್ತರ ಅಮೆರಿಕಗಳ ಶೀತಸಮಶೀತೋಷ್ಣ ಪ್ರದೇಶದ ಮರ. ಸಸ್ಯಶಾಸ್ತ್ರಜ್ಞರು ಅದರ ಜಾತಿಗೆ ‘ಟಿಲಿಯ’ ಎಂಬ ಲ್ಯಾಟಿನ್ ಹೆಸರಿಟ್ಟಿದ್ದಾರೆ. ಯೂರೋಪಿನಲ್ಲಿ ಕಿರಿಯೆಲೆಯದು, ಹಿರಿಯೆಲೆಯದು ಎಂದು ಎರಡು ಮುಖ್ಯ ಬಗೆಗಳಿವೆ. ಇವೆರಡೂ ಬೆರೆತು ಹುಟ್ಟಿದ ಮೂರನೆಯದೇ ಅಲ್ಲಿನ ಸಾಲುಮರಗಳಲ್ಲಿ ಹೆಚ್ಚಾಗಿ ಕಾಣುವುದು. ಚೆನ್ನಾಗಿ ಬೆಳೆದ ಮರ ಇಪ್ಪತ್ತು ಮೂವತ್ತು ಮೀಟರು ಎತ್ತರವಾಗುತ್ತದೆ. ಎಲೆ ಹೃದಯದ ಆಕಾರದ್ದು; ಬುಡದಲ್ಲಿ ಒಂದು ಮಗ್ಗುಲು ತುಸು ತಗ್ಗು, ಇನ್ನೊಂದು ತುಸು ಉಬ್ಬು. ಜರ್ಮನರ ವೀರಕಥೆಯ ಸೀಗ್‌ಫ್ರೀಡನು ಸರ್ಪರಕ್ತದಲ್ಲಿ ಮಿಂದು ಮೈಯೆಲ್ಲ ಆಯುಧಕ್ಕೆ ಅಭೇದ್ಯವಾದಾಗ, ಭುಜಗಳ ನಡುವೆ ಬಿದ್ದು ಅಂಟಿಕೊಂಡು ಅಷ್ಟು ಜಾಗವನ್ನು ಮಾತ್ರ ಬಿಟ್ಟದ್ದು ಇದೇ ಲಿಂಡನ್ನಿನ ಎಲೆ. ದುರ್ಯೋಧನನಿಗೆ ತೊಡೆ ಹೇಗೋ ಅವನಿಗೆ ಬೆನ್ನು ಹಾಗೆ.

ಬೇಸಗೆಯ ನಡುವೆ, ಜೂನ್ ಜುಲೈ ತಿಂಗಳಲ್ಲಿ, ಲಿಂಡನ್ ಹೂ ಬಿಡುತ್ತದೆ. ಹೂವು ಕಣ್ಣಿಗೆ ಅಷ್ಟಕ್ಕಷ್ಟೆ. ತಿಳಿಹಳದಿಯ ಐದೈದು ಎಸಳಿನ ಸಣ್ಣ ಹೂಗಳು ಗೊಂಚಲಾಗಿ ಜೋಲುತ್ತವೆ. ಗೊಂಚಲಿನ ತೊಟ್ಟಿಗೆ ಉದ್ದನೆಯ ನಾಲಗೆಯಂಥ ಒಂದು ತಿಳಿಹಸಿರು ಎಲೆ ಅಂಟಿಕೊಂಡಿರುತ್ತದೆ. ಕಾಯಿ ಬಲಿತಾಗ ಇದೇ ರೆಕ್ಕೆಯಾಗಿ, ಗಾಳಿಯಲ್ಲಿ ಗಿರಗಿರನೆ ತಿರುಗುತ್ತ ಕಾಯಿಯನ್ನು ದೂರಕ್ಕೆ ಒಯ್ಯುತ್ತದೆ. ಆದರೆ ಹೂವಿನ ಕಂಪು ಮಾತ್ರ ಇಡೀ ಬೀದಿಯನ್ನು ತುಂಬುವಂಥದು; ಸಂಜೆಯ ಹೊತ್ತು ಮರ ಕಾಣುವ ಮೊದಲೇ ಕಂಪು ಬಂದು ಮುಟ್ಟುತ್ತದೆ. ಹಗಲೆಲ್ಲ ಜೇನ್ನೊಣಗಳ ಮೊರೆತ. ಹೂಗೊಂಚಲನ್ನು ಒಣಗಿಸಿಟ್ಟು ಬಿಸಿನೀರಿಗೆ ಹಾಕಿ ಕುಡಿಯುವುದು ಫ್ರಾನ್ಸಿನಲ್ಲಿಯೂ ಮಧ್ಯ ಯೂರೋಪಿನಲ್ಲಿಯೂ ಹಳೆಯ ರೂಢಿ. ನೆಗಡಿ ಬಂದರೆ, ನಿದ್ದೆ ಬಾರದಿದ್ದರೆ ಅಲ್ಲಿನ ಅಜ್ಜಿಯರು ಇದನ್ನೇ ಕೊಡುತ್ತಾರೆ. ನಮ್ಮ ಮನೆಗಳ ಕಷಾಯದಂತೆಯೇ ಎನ್ನೋಣ.

ಮರ ಪರದೇಶದ್ದಾದರೂ ಅದರ ಬಳಗ ನಮಗೆ ಅಪರಿಚಿತವಲ್ಲ. ಈಗಿನ ಸಸ್ಯಶಾಸ್ತ್ರದ ವಿಂಗಡಣೆಯಂತೆ ಲಿಂಡನ್ನು ದಾಸವಾಳ, ಹತ್ತಿ, ಬೂರುಗ, ಸೆಣಬುಗಳ ಕುಟುಂಬಕ್ಕೆ ಸೇರಿದ್ದು. ನಮ್ಮ ಕಾಡುಗಳಲ್ಲಿ ಬೆಳೆಯುವ ತಡಸಲು ಮರವನ್ನು ನೀವು ಬಲ್ಲಿರಿ. ಕೊಡಲಿಯ ಕಾವಿಗೆ ಹೆಸರಾದ ಮರ. ಅದರ ಶಾಸ್ತ್ರೀಯ ನಾಮದ ಉತ್ತರಾರ್ಧವಾದ ‘ಟಿಲಿಯಿಫೋಲಿಯ’ ಎಂಬುದಕ್ಕೆ ‘ಲಿಂಡನ್ನಿನ ಎಲೆಯಂಥ ಎಲೆಯುಳ್ಳದ್ದು’ ಎಂದೇ ಅರ್ಥ. ತಡಸಲಿನ ತೊಗಟೆಯ ನಾರಿನಿಂದ ನಮ್ಮವರು ಹಗ್ಗ ಹೊಸೆದಂತೆ, ಯೂರೋಪಿನ ರೈತರು ಲಿಂಡನ್ನಿನ ನಾರಿನಿಂದ ಹಗ್ಗ, ಚಾಪೆ, ಚೀಲಗಳನ್ನು ಮಾಡಿದರು. ತೊಗಟೆಯನ್ನು ಸುಲಿದು, ಸೆಣಬನ್ನು ಕೊಳೆಹಾಕುವಂತೆ ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿದರೆ ಒಳನಾರು ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ರಷ್ಯದ ಹಳ್ಳಿಗರು ಎಳೆಯ ಮರಗಳ ತೊಗಟೆಯಿಂದ ‘ಲಾಪ್ತಿ’ ಎಂಬ ಪಾದರಕ್ಷೆಗಳನ್ನು ಹೆಣೆದುಕೊಳ್ಳುತ್ತಿದ್ದರು. ಅವು ಬೇಗ ಸವೆಯುತ್ತಿದ್ದುವು, ಮತ್ತೆ ಮತ್ತೆ ಹೊಸತು ಬೇಕಾಗುತ್ತಿತ್ತು. ಇಡೀ ರೈತಸಮೂಹದ ಕಾಲಿಗೆ ಹೀಗೆ ಕಾಡಿನ ಎಳೆಯ ಲಿಂಡನ್ನುಗಳು ಬಲಿಯಾಗುತ್ತಿದ್ದುವು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಕಾಡಿನ ಲಿಂಡನ್ನನ್ನು ಕರುಣೆಯಿಲ್ಲದೆ ಸುಲಿದ ಯೂರೋಪಿನಲ್ಲಿಯೇ ಅಂಗಳದ ಲಿಂಡನ್ನನ್ನು ಮನೆಯವರಲ್ಲಿ ಒಬ್ಬರಂತೆ ಕಂಡರು. ಮರ ಒಂದೇ, ನಿಂತ ಜಾಗ ಬೇರೆ. ಹೊಸ್ತಿಲಿನ ಬಳಿಗೆ ಬಂದೊಡನೆ ಅದು ಸೌದೆಯಲ್ಲ, ನಾರಲ್ಲ; ನೆಂಟ.

ಈ ನೆಂಟಸ್ತನದ ಕಥೆ ಹಳೆಯದು. ರೋಮಿನ ಕವಿ ಓವಿಡ್ ಹೇಳುವ ಒಂದು ವೃತ್ತಾಂತವಿದೆ. ಫ್ರಿಜಿಯ ದೇಶದಲ್ಲಿ ಫಿಲೆಮಾನ್, ಬಾಸಿಸ್ ಎಂಬ ಬಡ ಮುದಿ ದಂಪತಿಗಳಿದ್ದರು. ದೇವತೆಗಳಿಬ್ಬರು ಮನುಷ್ಯವೇಷದಲ್ಲಿ ಬಂದು ಮನೆಮನೆಯ ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲ. ಈ ಮುದುಕರು ಮಾತ್ರ ಒಳಗೆ ಕರೆದು ಇದ್ದುದನ್ನು ಬಡಿಸಿದರು. ವರ ಬೇಡಿರೆಂದಾಗ, ಒಬ್ಬರ ಮರಣವನ್ನು ಇನ್ನೊಬ್ಬರು ಕಾಣದಂತೆ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಸಾವು ಬರಲಿ ಎಂದು ಬೇಡಿಕೊಂಡರು. ಆ ಗಳಿಗೆ ಬಂದಾಗ ಫಿಲೆಮಾನನು ಓಕ್ ಮರವಾದನು, ಬಾಸಿಸಳು ಲಿಂಡನ್ ಮರವಾದಳು. ಅತಿಥಿಗಳನ್ನು ಕರೆದ ಗೃಹಿಣಿ ಅತಿಥಿಗಳಿಗೆ ನೆರಳೀಯುವ ಮರವಾಗಿ ಮನೆಯಿದ್ದ ಎಡೆಯಲ್ಲಿಯೇ ನಿಂತಳು.

ಇದು ಪುರಾಣ. ಇನ್ನು ಚರಿತ್ರೆಗೆ ಬರೋಣ. ಸ್ವೀಡನ್ನಿನ ರೈತರ ಅಂಗಳದಲ್ಲಿ ‘ಕಾವಲು ಮರ’ ಎಂಬುದೊಂದು ಇರುತ್ತಿತ್ತು. ಅದು ಲಿಂಡನ್ನೋ ಎಲ್ಮೋ ಆ್ಯಷೋ ಆಗಿರಬಹುದು. ಮನೆತನದ ಅದೃಷ್ಟ ಆ ಮರದಲ್ಲಿದೆ, ಅದರ ರೆಂಬೆ ಮುರಿದರೆ ಮನೆಗೆ ಕೇಡು ಎಂಬ ನಂಬಿಕೆ ಬಲವಾಗಿತ್ತು. ಆ ದೇಶದ ಸ್ಮೋಲಂಡ್ ಪ್ರಾಂತದ ಒಂದು ರೈತಕುಟುಂಬದ ನೆಲದಲ್ಲಿ ಬಹು ದೊಡ್ಡದಾದ ಒಂದು ಲಿಂಡನ್ ಇತ್ತು. ಆ ಕಾಲದ ಸ್ವೀಡನ್ನಿನ ಹಳ್ಳಿಗರಿಗೆ ಮನೆತನದ ಹೆಸರುಗಳಿರಲಿಲ್ಲ. ಇಂಥವನ ಮಗ ಇಂಥವ ಎಂದಷ್ಟೇ ಕರೆಯುತ್ತಿದ್ದರು. ಆ ಕುಟುಂಬದ ನಿಲ್ಸ್ ಇಂಗೆಮಾರ್‌ಸನ್, ಅಂದರೆ ಇಂಗೆಮಾರನ ಮಗ ನಿಲ್ಸ್, ವಿಶ್ವವಿದ್ಯಾಲಯಕ್ಕೆ ಸೇರುವಾಗ ದಾಖಲೆಗೆ ಒಂದು ಮನೆತನದ ಹೆಸರು ಬೇಕಾಯಿತು. ಅವನು ಊರ ಮರವನ್ನು ನೆನೆದು, ‘ಲಿಂಡ್’ ಎಂಬುದಕ್ಕೆ ಲ್ಯಾಟಿನ್ ಪ್ರತ್ಯಯ ಹಚ್ಚಿ ‘ಲಿನ್ನೇಯಸ್’ ಎಂದು ಬರೆಸಿದ. ಅದೇ ಮರವನ್ನು ನೆನೆದು ಅವನ ಬಂಧುಗಳು ಕೆಲವರು ‘ಟಿಲಿಯಾಂಡರ್’ ಎಂದೂ ಕೆಲವರು ‘ಲಿಂಡೇಲಿಯಸ್’ ಎಂದೂ ಹೆಸರಿಟ್ಟುಕೊಂಡಿದ್ದರು.

ಮುಂದೆ ನಿಲ್ಸ್ ಪಾದ್ರಿಯಾದ. ಮನೆಯ ಸುತ್ತ ತೋಟ ಮಾಡಿದ. 1707ರಲ್ಲಿ ಅವನಿಗೆ ಕಾರ್ಲ್ ಎಂಬ ಮಗ ಹುಟ್ಟಿದ. ತಂದೆಯ ತೋಟದಲ್ಲಿ ಆಡಿ ಬೆಳೆದ ಆ ಮಗುವೇ ಜಗತ್ತಿನ ಗಿಡಮರಗಳಿಗೆಲ್ಲ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಕಾರ್ಲ್ ಲಿನ್ನೇಯಸ್. 1753ರಲ್ಲಿ ಅಚ್ಚಾದ ಅವನ ಮಹಾಗ್ರಂಥದಲ್ಲಿ ಲಿಂಡನ್ನಿಗೆ ‘ಟಿಲಿಯ ಯೂರೋಪಿಯ’ ಎಂಬ ಹೆಸರಿದೆ. ಅದೇ ಗ್ರಂಥದಲ್ಲಿ ನಮ್ಮ ಸಂಪಿಗೆಗೂ ಹೆಸರು ದೊರೆಯಿತು: ‘ಮೈಕೇಲಿಯ ಚಂಪಕ’. ಈಗಿನ ಶಾಸ್ತ್ರಜ್ಞರು ಅದನ್ನು ‘ಮ್ಯಾಗ್ನೋಲಿಯ’ ಜಾತಿಗೆ ಸೇರಿಸಿದ್ದಾರೆ. ‘ಚಂಪಕ’ ಮಾತ್ರ ಹಾಗೆಯೇ ಉಳಿದಿದೆ. ಲಿನ್ನೇಯಸ್ ಭಾರತವನ್ನು ಕಂಡವನಲ್ಲ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ, ಮಲಬಾರಿನ ಗಿಡಮರಗಳ ಮಹಾಕೋಶವಾದ ‘ಹಾರ್ಟಸ್ ಮಲಬಾರಿಕಸ್’ ಅವನಿಗೆ ನಮ್ಮ ಕಡೆಯ ಸಸ್ಯಗಳನ್ನು ತೋರಿಸಿತು. ತಮ್ಮ ಅಂಗಳದ ಮರದಿಂದ ಹೆಸರು ಪಡೆದ ಮನೆಯವನೊಬ್ಬನು ನಮ್ಮ ಅಂಗಳದ ಮರಕ್ಕೆ ಹೆಸರು ಕೊಟ್ಟನು. ಎಲ್ಲಿಯ ಸ್ವೀಡನ್, ಎಲ್ಲಿಯ ಸಂಪಿಗೆ!

ಸ್ವೀಡನ್ನಿನಿಂದ ಬಾಲ್ಟಿಕ್ ಸಮುದ್ರವನ್ನು ದಾಟಿದರೆ ಪೋಲೆಂಡು. ಅಲ್ಲಿ ಲಿಂಡನ್ನಿಗೆ ‘ಲಿಪ’ ಎಂದು ಹೆಸರು. ಸ್ಲಾವ್ ಭಾಷೆಗಳಲ್ಲೆಲ್ಲ ಈ ಮಾತು ಅಲ್ಪಸ್ವಲ್ಪ ಮಾರ್ಪಾಟಿನೊಡನೆ ಇದೆ. ಜರ್ಮನಿಯ ಲೈಪ್‌ಜಿಗ್ ಪಟ್ಟಣದ ಹೆಸರೂ ಇದರಿಂದಲೇ ಬಂದದ್ದು. ಲಿಂಡನ್ನುಗಳ ಊರು ಎಂದು ಅರ್ಥ. ತಿಂಗಳುಗಳ ಹೆಸರಿನಲ್ಲಿಯೂ ಈ ಮರ ಸೇರಿಕೊಂಡಿದೆ. ನಮ್ಮ ಚೈತ್ರ ವೈಶಾಖಗಳು ನಕ್ಷತ್ರಗಳಿಂದ ಬಂದ ಹೆಸರುಗಳಷ್ಟೆ. ಅಲ್ಲಿನವರು ಹೂವನ್ನು ನೋಡಿ ಹೆಸರಿಟ್ಟರು. ಪೋಲಿಷ್ ಭಾಷೆಯಲ್ಲಿ ಜುಲೈ ತಿಂಗಳು ‘ಲಿಪಿಯೆತ್ಸ್’, ಉಕ್ರೇನಿನಲ್ಲಿ ‘ಲಿಪೆನ್’, ಬಾಲ್ಟಿಕ್ ನಾಡಾದ ಲಿಥುವೇನಿಯದಲ್ಲಿ ‘ಲಿಯೆಪ’. ದಕ್ಷಿಣದ ಕ್ರೊಯೇಷಿಯದಲ್ಲಿ ಮಾತ್ರ ‘ಲಿಪನ್ಯ್’ ಎಂದರೆ ಜೂನ್. ಸೆಕೆ ಮೊದಲು ಬರುವ ತೆಂಕಣದಲ್ಲಿ ಹೂ ಮೊದಲು ಅರಳುತ್ತದೆ, ಬಡಗಣದಲ್ಲಿ ತಡವಾಗಿ ಅರಳುತ್ತದೆ. ಹೂವಿನೊಡನೆ ತಿಂಗಳ ಹೆಸರೂ ಸರಿದಿದೆ.

ಪೋಲಿಷ್ ಸಾಹಿತ್ಯದಲ್ಲಿ ಮನೆಯ ಲಿಂಡನ್ನನ್ನು ಚಿರಸ್ಥಾಯಿಯಾಗಿಸಿದವನು ಯಾನ್ ಕೊಖನೋವ್‌ಸ್ಕಿ. 1530ರಲ್ಲಿ ಹುಟ್ಟಿ 1584ರಲ್ಲಿ ತೀರಿಕೊಂಡ ಈ ಕವಿ ಇಟಲಿಯಲ್ಲಿ ಓದಿದವನು, ರಾಜನ ಕಾರ್ಯದರ್ಶಿಯಾಗಿ ಅರಮನೆಯನ್ನು ಕಂಡವನು. ಕೊನೆಗೆ ಅದೆಲ್ಲವನ್ನೂ ಬಿಟ್ಟು ಚಾರ್ನೊಲಾಸ್ ಎಂಬ ತನ್ನ ಹಳ್ಳಿಗೆ ಬಂದು ನೆಲೆಸಿದ. ಲಿಂಡನ್ನನ್ನು ಕುರಿತು ಅವನು ಬರೆದ ಕಿರುಗವಿತೆಯಲ್ಲಿ ಮಾತಾಡುವುದು ಕವಿಯಲ್ಲ, ಮರವೇ. ಬಂದ ಅತಿಥಿಯನ್ನು ಮರ ತನ್ನ ನೆರಳಿಗೆ ಕರೆಯುತ್ತದೆ. ಬಿಸಿಲು ಇಲ್ಲಿಗೆ ತಾಕದು ಎಂದು ಭರವಸೆ ಕೊಡುತ್ತದೆ. ತನ್ನ ಹಕ್ಕಿಗಳ ಹಾಡನ್ನೂ ತನ್ನ ಹೂವಿನಿಂದ ಜೇನ್ನೊಣಗಳು ಕೂಡಿಸುವ ತುಪ್ಪವನ್ನೂ ಹೇಳಿಕೊಳ್ಳುತ್ತದೆ. ಹಣ್ಣು ಬಿಡದಿದ್ದರೂ ನನ್ನ ಯಜಮಾನ ನನ್ನನ್ನು ಫಲವೃಕ್ಷಗಳಿಗಿಂತ ಹೆಚ್ಚಾಗಿ ಕಾಣುತ್ತಾನೆ ಎಂದು ಹೆಮ್ಮೆಪಡುತ್ತದೆ. ಈ ಕವಿಯ ಮನೆಯಲ್ಲಿ ನಗುವೇ ತುಂಬಿತ್ತು ಎನ್ನುವಂತಿಲ್ಲ. ಎಳೆಯ ಮಗಳು ಉರ್ಶುಲಳನ್ನು ಕಳೆದುಕೊಂಡು ಅವನು ಬರೆದ ಹತ್ತೊಂಬತ್ತು ಶೋಕಗೀತೆಗಳು 1580ರಲ್ಲಿ ಅಚ್ಚಾದುವು; ಪೋಲಿಷ್ ಜನ ಇಂದಿಗೂ ಅವನ್ನು ಶಾಲೆಯಲ್ಲಿ ಓದುತ್ತಾರೆ. ನಗೆ, ಅಳು ಎರಡನ್ನೂ ಕಂಡ ಅಂಗಳದಲ್ಲಿ ನಿಂತ ಮರ ಅದು.

ಜರ್ಮನಿಯಲ್ಲಿ ಮನೆಯ ಲಿಂಡನ್ ಊರ ಲಿಂಡನ್ ಆಗಿ ಬೆಳೆಯಿತು. ನಮ್ಮ ಅಶ್ವತ್ಥಕಟ್ಟೆಯ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಿ. ಹೆಚ್ಚು ಕಡಿಮೆ ಅದೇ. ಊರ ನಡುವೆ ಒಂದು ಲಿಂಡನ್, ಸುತ್ತ ಕಲ್ಲಿನ ಆಸನ. ಮಧ್ಯಯುಗದಲ್ಲಿ ನ್ಯಾಯಪಂಚಾಯಿತಿ ಅದರ ಕೆಳಗೆ ನಡೆಯುತ್ತಿತ್ತು. ‘ಲಿಂಡನ್ನಿನ ಕೆಳಗೆ’ ತೀರ್ಪಾಯಿತೆಂದು ಹಳೆಯ ದಾಖಲೆಗಳಲ್ಲಿ ಬರೆಯುವ ವಾಡಿಕೆಯಿತ್ತು. ಫ್ರಾಂಕೋನಿಯ ಸೀಮೆಯ ಲಿಮ್ಮರ್ಸ್‌ಡೋರ್ಫ್ ಮುಂತಾದ ಹಳ್ಳಿಗಳಲ್ಲಿ, ಅಡ್ಡವಾಗಿ ಹಬ್ಬಿಸಿದ ರೆಂಬೆಗಳ ನಡುವೆ ಕಂಬಗಳ ಮೇಲೆ ಅಟ್ಟ ಕಟ್ಟಿ, ಹಬ್ಬದ ದಿನ ಮರದ ಮೇಲೆಯೇ ಕುಣಿಯುತ್ತಾರೆ. ಲಿಂಡನ್ ಮುನ್ನೂರು ವರ್ಷ ಬೆಳೆಯುತ್ತದೆ, ಮುನ್ನೂರು ವರ್ಷ ನಿಲ್ಲುತ್ತದೆ, ಮುನ್ನೂರು ವರ್ಷ ಅಳಿಯುತ್ತದೆ ಎಂಬುದು ಜರ್ಮನರ ನಾಣ್ಣುಡಿ.

ಮನೆಯ ಮುಂದೆ ಈ ಮರವನ್ನು ಬಳಸುವ ಜಾಣತನವನ್ನು ಡಚ್ಚರಿಂದ ಕಲಿಯಬೇಕು. ಅವರ ಹಳೆಯ ತೋಟದ ಮನೆಗಳ ಮುಂದೆ ಲಿಂಡನ್ನುಗಳನ್ನು ಸಾಲಾಗಿ ನೆಟ್ಟು, ರೆಂಬೆಗಳನ್ನು ಅಡ್ಡಗಳಗಳಿಗೆ ಕಟ್ಟಿ, ವರ್ಷವರ್ಷವೂ ಕತ್ತರಿಸಿ, ಗೋಡೆಯೆದುರು ಒಂದು ಹಸಿರು ತೆರೆಯಂತೆ ಬೆಳೆಸಿದ್ದಾರೆ. ಕತ್ತರಿಸಿದಷ್ಟೂ ಚಿಗುರುವುದು ಲಿಂಡನ್ನಿನ ಗುಣ. ಬೇಸಗೆಯಲ್ಲಿ ಎಲೆಯ ತೆರೆ ಬಿಸಿಲನ್ನು ತಡೆದು ಕೋಣೆಗಳನ್ನು ತಂಪಾಗಿಡುತ್ತದೆ. ಚಳಿಗಾಲದಲ್ಲಿ ಎಲೆಯುದುರಿ, ಆ ದೇಶದಲ್ಲಿ ದುರ್ಲಭವಾದ ಬಿಸಿಲು ಕಿಟಕಿಯೊಳಗೆ ಬರುತ್ತದೆ. ಯಾರೂ ಎಳೆದು ಮುಚ್ಚಬೇಕಿಲ್ಲದ, ಯಾರೂ ತೆರೆಯಬೇಕಿಲ್ಲದ ಪರದೆ ಇದು!

ಹದಿನೇಳನೆಯ ಶತಮಾನದಲ್ಲಿ ಡಚ್ಚರ ಸಸಿಮಡಿಗಳಿಂದ ಲಿಂಡನ್ನುಗಳು ಇಂಗ್ಲೆಂಡಿನ ಸಿರಿವಂತರ ಮನೆಗಳಿಗೆ ಹಡಗೇರಿ ಹೋದುವು. 1664ರಲ್ಲಿ ಮರಗಳ ವಿಷಯವಾಗಿ ‘ಸಿಲ್ವ’ ಎಂಬ ಗ್ರಂಥವನ್ನು ಪ್ರಕಟಿಸಿದ ಜಾನ್ ಈವ್ಲಿನ್ ಸಾಲುಮರಗಳಲ್ಲಿ ಲಿಂಡನ್ನನ್ನು ಬಹಳ ಮೆಚ್ಚಿದ್ದಾನೆ. ಆದರೆ ತನ್ನ ನಾಡಿನ ಕಾಡುಗಳಲ್ಲೇ ಅದು ಹುಟ್ಟುವಾಗ ಹೊರದೇಶಕ್ಕೆ ದುಡ್ಡು ಸುರಿದು ತರಿಸುವುದು ನಾಚಿಕೆಗೇಡು ಎಂದು ಗದರಿಸಿಯೂ ಇದ್ದಾನೆ. ಡಚ್ಚರ ಅನುಕೂಲಕ್ಕೆ ಕಾರಣವಿತ್ತು. ಲಿಂಡನ್ನಿನ ಬೀಜ ಬಲು ಸೋಮಾರಿ. ನೆಲದಲ್ಲಿ ಒಂದು ಚಳಿಗಾಲವಲ್ಲ, ಎಷ್ಟೋ ಸಲ ಎರಡು ಚಳಿಗಾಲ ಕಳೆದ ಮೇಲೆ ಕಣ್ಣು ತೆರೆಯುತ್ತದೆ. ಇಂಗ್ಲೆಂಡಿನ ಬಡಗಣ ಭಾಗದಲ್ಲಿ ಕಿರಿಯೆಲೆಯ ಲಿಂಡನ್ನಿನ ಬೀಜ ಬಲಿಯುವಷ್ಟು ಸೆಕೆಯೇ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿನ ಹಳೆಯ ಮರಗಳು ಬುಡದಿಂದಲೇ ಮತ್ತೆ ಮತ್ತೆ ಚಿಗುರಿ ಉಳಿದುಕೊಂಡು ಬಂದಿವೆ. ಡಚ್ಚರು ಬೀಜದ ದಾರಿ ಕಾಯದೆ, ತಾಯಿಗಿಡದ ಕೊಂಬೆಗಳನ್ನು ಬಗ್ಗಿಸಿ ಮಣ್ಣು ಮುಚ್ಚಿ ಬೇರು ಬರಿಸಿ, ಒಂದೇ ರೂಪದ ಸಸಿಗಳನ್ನು ಸಾವಿರಗಟ್ಟಲೆ ಮಾಡಿ ಮಾರಿದರು.

ರಾಜಬೀದಿಯ ಲಿಂಡನ್ನುಗಳಲ್ಲಿ ಹೆಸರಾದುವು ಬರ್ಲಿನಿನವು. ಆ ಬೀದಿಯ ಹೆಸರೇ ‘ಲಿಂಡನ್ನುಗಳ ಕೆಳಗೆ’ ಎಂಬ ಅರ್ಥದ್ದು. 1647ರಲ್ಲಿ ಬ್ರಾಂಡೆನ್‌ಬುರ್ಗಿನ ಅಧಿಪತಿ ಫ್ರೀಡ್ರಿಖ್ ವಿಲ್‌ಹೆಲ್ಮ್ ತನ್ನ ಅರಮನೆಯಿಂದ ಬೇಟೆಯ ವನದವರೆಗೆ ಆರು ಸಾಲುಗಳಲ್ಲಿ ಒಂದು ಸಾವಿರ ಲಿಂಡನ್, ಒಂದು ಸಾವಿರ ಅಕ್ರೋಟದ ಮರಗಳನ್ನು ನೆಡಿಸಿದ. ಆ ವರ್ಷವನ್ನು ಗಮನಿಸಿ. ಜರ್ಮನಿಯನ್ನು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧ ಇನ್ನೂ ಮುಗಿದಿರಲಿಲ್ಲ. ಶಾಂತಿಯ ಒಡಂಬಡಿಕೆಯಾದದ್ದು ಮರುವರ್ಷ, 1648ರಲ್ಲಿ. ಊರು ಸೊರಗಿ ನಿಂತಿದ್ದಾಗ ನೆರಳಿನ ಮರಗಳನ್ನು ನೆಡುವುದು ದುಂದುಗಾರಿಕೆ ಎಂದು ಅಂದಿನವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ನೆರಳು ಹಲವು ತಲೆಮಾರುಗಳಿಗೆ ಒದಗಿತು. 1930ರ ದಶಕದಲ್ಲಿ ನೆಲದಡಿಯ ರೈಲುದಾರಿಯ ಕೆಲಸಕ್ಕೆಂದು ಅಂದಿನ ನಾಜಿ ಸರ್ಕಾರ ಅಲ್ಲಿನ ಮರಗಳನ್ನು ಕಡಿಸಿ ಎಳೆಯ ಸಸಿಗಳನ್ನು ನೆಡಿಸಿತು. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಕೆಲವು ಆಹುತಿಯಾದುವು. ಯುದ್ಧದ ಕೊನೆಯ ದಿನಗಳಲ್ಲಿ ಚಳಿಗೆ ನಡುಗುತ್ತಿದ್ದ ಜನ ಉಳಿದವನ್ನು ಸೌದೆಗೆಂದು ಕಡಿದರು. ಅವರನ್ನು ದೂರುವವರು ಯಾರು? ಮಕ್ಕಳಿಗೆ ಚಳಿಯಾದಾಗ ಮರಕ್ಕಿಂತ ಮಗು ದೊಡ್ಡದು. 1950ರ ದಶಕದಲ್ಲಿ ಅದೇ ಬೀದಿಯಲ್ಲಿ ಮತ್ತೆ ಲಿಂಡನ್ನುಗಳನ್ನು ನೆಟ್ಟರು. ಇಂದು ಪ್ರವಾಸಿಗಳು ಕಾಣುವುದು ಅವನ್ನೇ. ನಾವು ‘ಹಳೆಯ ಸಾಲುಮರ’ ಎನ್ನುವುದು ಎಷ್ಟೋ ವೇಳೆ ಹಳೆಯ ಮರವಲ್ಲ, ಹಳೆಯ ಹಟ. ಮರ ಬಿದ್ದ ಎಡೆಯಲ್ಲಿ ಮರವನ್ನೇ ನೆಡುವೆವು ಎಂಬ ಹಟವಿದ್ದ ಕಡೆಯಲ್ಲಿ ಸಾಲು ಉಳಿಯುತ್ತದೆ.

ಇನ್ನು ನನ್ನನ್ನು ನಾಚಿಸಿದ ಕವಿತೆಗೆ ಮರಳೋಣ. 1797ರ ಬೇಸಗೆ. ಕೋಲ್‌ರಿಜ್ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿದ್ದ. ಅವನ ಗೆಳೆಯ ಚಾರ್ಲ್ಸ್ ಲ್ಯಾಂಬ್ ಲಂಡನ್ನಿನಿಂದ ಬಂದಿದ್ದ. ಈ ಲ್ಯಾಂಬ್ ನಮ್ಮ ದೇಶವನ್ನಾಳಿದ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತೆ; ಹಸಿರನ್ನು ಕಾಣುವುದೇ ಅವನಿಗೆ ಅಪರೂಪ. ಅಷ್ಟರಲ್ಲಿ ಕೋಲ್‌ರಿಜ್ಜನ ಮಡದಿಯ ಕೈತಪ್ಪಿ ಕುದಿಯುವ ಹಾಲು ಅವನ ಕಾಲ ಮೇಲೆ ಚೆಲ್ಲಿತು. ಲ್ಯಾಂಬನೂ ವರ್ಡ್ಸ್‌ವರ್ತ್ ಕವಿಯೂ ಅವನ ತಂಗಿಯೂ ಗುಡ್ಡಬೆಟ್ಟಗಳಲ್ಲಿ ತಿರುಗಾಡಲು ಹೋದರು. ಕೋಲ್‌ರಿಜ್ ಮಾತ್ರ ನೆರೆಯ ಗೆಳೆಯನ ತೋಟದ ಲಿಂಡನ್ ಮಂಟಪದಲ್ಲಿ ಒಂಟಿಯಾಗಿ ಕುಳಿತ. ಮೊದಮೊದಲು ತನ್ನ ಗ್ರಹಚಾರವನ್ನು ಹಳಿದುಕೊಂಡ. ಆಮೇಲೆ ಗೆಳೆಯರು ಏನೇನನ್ನು ನೋಡುತ್ತಿರಬಹುದೆಂದು ನೆನೆದು, ಪಟ್ಟಣದಲ್ಲಿ ಸೆರೆಯಾಗಿದ್ದ ಲ್ಯಾಂಬ್ ಇಂದಾದರೂ ಸುಖಪಡಲಿ ಎಂದು ಹಾರೈಸಿದ. ಹೀಗೆ ಪರರ ಸುಖವನ್ನು ನೆನೆದ ಮೇಲೆ ಅವನಿಗೆ ತಾನು ಕುಳಿತ ಜಾಗ ಕಣ್ಣಿಗೆ ಬಿತ್ತು. ಬಿಸಿಲಿಗೆ ಹೊಳೆಯುವ ಎಲೆ, ಎಲೆಯ ಮೇಲೆ ಆಡುವ ಇನ್ನೊಂದು ಎಲೆಯ ನೆರಳು, ದುಂಬಿಯ ದನಿ. ಸೆರೆಮನೆ ಸೆರೆಮನೆಯಾಗಿ ಉಳಿಯಲಿಲ್ಲ. ದೂರದ ಬೆಟ್ಟ ಸಿಗದವನಿಗೆ ಮನೆಯ ಬಳಿಯ ಮರ ಎಷ್ಟು ದೊಡ್ಡ ಆಸರೆಯೆಂಬುದನ್ನು ಈ ಕವಿತೆಗಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ. ಮುದುಕರಿಗೆ, ರೋಗಿಗಳಿಗೆ, ಹಸುಗೂಸಿನ ತಾಯಿಗೆ ಅಂಗಳದ ಮರವೇ ಅರಣ್ಯವಲ್ಲವೆ?

ಲಿಂಡನ್ನಿನಲ್ಲಿ ದೋಷವೇ ಇಲ್ಲವೆಂದು ಹೇಳಿದರೆ ಅದು ವಕೀಲಿಯಾದೀತು. ಎಲೆಗಳಿಗೆ ಗಿಡಹೇನು ಹತ್ತುತ್ತದೆ. ಅವು ಸುರಿಸುವ ಜಿಗಟು ರಸ ಕೆಳಗಿನ ಆಸನದ ಮೇಲೂ ಈಚೆಗೆ ಕಾರುಗಳ ಮೇಲೂ ತೊಟ್ಟಿಕ್ಕಿ, ಆಮೇಲೆ ಕಪ್ಪು ಬೂಷ್ಟು ಕಟ್ಟುತ್ತದೆ. ಬುಡದಿಂದ ಚಿಗುರು ಪೊದೆಯಾಗಿ ಏಳುವುದರಿಂದ ವರ್ಷಕ್ಕೊಮ್ಮೆ ಸವರಬೇಕು. ಮರದ ದೊಡ್ಡತನವನ್ನು ಮರೆತು ಗೋಡೆಗೆ ಒತ್ತಿ ನೆಟ್ಟವರು ಮುಂದೆ ಪಶ್ಚಾತ್ತಾಪಪಡುತ್ತಾರೆ. ಆದಕಾರಣ ಸಣ್ಣ ಅಂಗಳದವರು ಗಿಡ್ಡ ಬಗೆಯನ್ನು ಆರಿಸುತ್ತಾರೆ, ಇಲ್ಲವೆ ಡಚ್ಚರಂತೆ ಕತ್ತರಿಯ ಹದ್ದಿನಲ್ಲಿ ಇಡುತ್ತಾರೆ. ನೆರಳೆಂಬುದು ಪುಕ್ಕಟೆಯಲ್ಲ, ಅದಕ್ಕೂ ಊಳಿಗ ಉಂಟು.

ಇಷ್ಟು ಓದಿದವರು ನಮ್ಮ ಮನೆಯ ಮುಂದೆಯೂ ಒಂದು ಲಿಂಡನ್ ನೆಡೋಣವೇ ಎಂದು ಕೇಳಿಯಾರು. ಚಳಿಗಾಲದ ಹಿಮದಲ್ಲಿ ಮಲಗಿ ಏಳುವ ಮರ ಅದು. ನಮ್ಮ ಬಯಲಿನ ಹವೆ ಅದಕ್ಕೆ ಸಲ್ಲದು. ಲಿಂಡನ್ನುಗಳ ನಾಡಾದ ಜರ್ಮನಿಯಿಂದ ಬಂದು, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬಿಗೆಲ್ ಅವರು ಈ ಊರಿನ ಬೀದಿಗಳಿಗೆ ಆರಿಸಿದ್ದು ಇಲ್ಲಿನ ಹವೆಗೆ ಒಗ್ಗಿ, ತಿಂಗಳಿಗೊಂದರಂತೆ ಸರದಿಯಲ್ಲಿ ಹೂ ಬಿಡುವ ಮರಗಳನ್ನು. ಪರರಿಂದ ನಾವು ತರಬೇಕಾದದ್ದು ಯಾವಾಗಲೂ ಸಸಿಯನ್ನೇ ಎಂದೇನಿಲ್ಲ. ಕೆಲವು ಸಲ ಅಭ್ಯಾಸವನ್ನು ತಂದರೆ ಸಾಕು. ನೆರಳಿಗೆ ನಮ್ಮಲ್ಲಿ ಹೊಂಗೆಯಿದೆ, ಕಂಪಿಗೆ ಸಂಪಿಗೆಯಿದೆ, ಎರಡಕ್ಕೂ ಒದಗುವ ರೆಂಜೆಯಿದೆ.

ಕೊನೆಯದಾಗಿ ಒಂದು ಸ್ವಂತದ ಮಾತು. ನಮ್ಮ ಹಳ್ಳಿಯ ಮನೆಯ ಅಂಗಳದ ಮೂಲೆಯಲ್ಲಿ ನಮ್ಮ ತಾತ ನೆಟ್ಟ ಸಂಪಿಗೆಯ ಮರವೊಂದು ಇತ್ತು. ಮನೆ ಭಾಗವಾದಾಗ ಒಂದು ಕೋಣೆ ಹೆಚ್ಚಿಗೆ ಬೇಕಾಯಿತು. ಮರ ಅಡ್ಡ ಬಂತು. ಕಡಿಯೋಣವೆಂದು ಅಣ್ಣ ಹೇಳಿದಾಗ ನಾನು ಬೇಡವೆನ್ನಲಿಲ್ಲ. ಚಂಪಕದ ಮೇಲೆ ಹಳೆಯ ಕವಿಗಳು ಹೇಳಿದ್ದನ್ನೆಲ್ಲ ತರಗತಿಯಲ್ಲಿ ವಿವರಿಸುವ ಪಂಡಿತ, ಅಂಗಳದ ಚಂಪಕಕ್ಕೆ ಕೊಡಲಿ ಬೀಳುವಾಗ ಮಾಪಿನ ಟೇಪು ಹಿಡಿದು ಕೋಣೆಯ ಉದ್ದಗಲ ಅಳೆಯುತ್ತಿದ್ದ. ನಮ್ಮ ತಾಯಿ ಆ ದಿನ ಹೊರಕ್ಕೆ ಬರಲಿಲ್ಲ. ಕೋಣೆಯಲ್ಲಿ ಈಗ ಹಳೆಯ ಪೆಟ್ಟಿಗೆಗಳೂ ಮುರಿದ ಕುರ್ಚಿಯೂ ಇವೆ.

ಮರದಿಂದ ಮನೆಗೆ ಹೆಸರು ಪಡೆದ ಸ್ವೀಡನ್ನಿನ ಆ ರೈತರ ಕಥೆಯನ್ನು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಕಳೆದ ಮಳೆಗಾಲದಲ್ಲಿ ಹಳ್ಳಿಗೆ ಹೋಗಿ, ಕೋಣ��ಯಿಂದ ದೂರಕ್ಕೆ, ಅಂಗಳದ ಇನ್ನೊಂದು ಮೂಲೆಯಲ್ಲಿ ಒಂದು ಸಂಪಿಗೆಯ ಸಸಿ ನೆಟ್ಟು ಬಂದೆ. ಅಣ್ಣನೇ ಗುಂಡಿ ತೋಡಿಕೊಟ್ಟ. ಬೇಲಿಯಾಚೆಯಿಂದ ನೋಡುತ್ತಿದ್ದ ನೆರೆಯ ಮುದುಕರು, “ಮೇಷ್ಟ್ರೇ, ಇದು ಹೂ ಬಿಡೋ ಹೊತ್ತಿಗೆ ನೀವೂ ನಾನೂ ಇರ್ತೀವಾ?” ಎಂದು ಕೇಳಿದರು. “ಇಲ್ಲದಿದ್ದರೆ ಏನಂತೆ, ಅಂಗಳ ಇರುತ್ತಲ್ಲ” ಎಂದೆ. ಅಣ್ಣನ ಮೊಮ್ಮಗಳು ಸಸಿಗೆ ದಿನವೂ ಒಂದು ಚೊಂಬು ನೀರು ಹಾಕುತ್ತಿದ್ದಾಳೆಂದು ಮೊನ್ನೆ ಫೋನಿನಲ್ಲಿ ತಿಳಿಯಿತು.